ಪುಸ್ತಕ ಮುಚ್ಚಿದ ಮೇಲಿನ ಓದು

ಓದುವುದು ಬೇರೆ, ಓದಿದ್ದು ಉಳಿಯುವುದು ಬೇರೆ. ಶಾಲಾ ಮಕ್ಕಳ ಶ್ರಮದಲ್ಲಿ ಹೆಚ್ಚಿನ ಪಾಲು ಮೊದಲನೆಯದಕ್ಕೇ ಖರ್ಚಾಗುತ್ತದೆ. ಮಾರ್ಚ್ ತಿಂಗಳ ಬೆಳಗಿನ ಜಾವ ಉತ್ತರ ಕನ್ನಡ ಜಿಲ್ಲೆಯ ಕುಮಟಾದ ಯಾವ ಕೇರಿಯಲ್ಲಿ ಹೋದರೂ ಜಗುಲಿಗಳಿಂದ ರಾಗವಾಗಿ ಓದುವ ದನಿ ಕೇಳುತ್ತದೆ. ಅದೇ ಪುಟ, ಅದೇ ಸಾಲು, ಐದನೆಯ ಸಲ. ಪರೀಕ್ಷೆಯ ಕೋಣೆಯಲ್ಲಿ ಪ್ರಶ್ನೆ ಎದುರಾದಾಗ ಆ ಸಾಲು ಪುಟದ ಯಾವ ಮೂಲೆಯಲ್ಲಿತ್ತು ಎಂಬುದು ನೆನಪಾಗುತ್ತದೆ. ಸಾಲಿನಲ್ಲಿ ಏನಿತ್ತು ಎಂಬುದು ಮಾತ್ರ ನೆನಪಾಗುವುದಿಲ್ಲ.

ಇದಕ್ಕೆ ಬುದ್ಧಿಯ ಕೊರತೆ ಕಾರಣವಲ್ಲ. ಕಲಿಕೆಯಲ್ಲಿ ಮೂರು ಕೆಲಸಗಳಿವೆ: ಅರ್ಥ ಮಾಡಿಕೊಳ್ಳುವುದು, ಉಳಿಸಿಕೊಳ್ಳುವುದು, ಬೇಕೆಂದಾಗ ಮರಳಿ ತೆಗೆಯುವುದು. ಪದೇ ಪದೇ ಓದುವಾಗ ಮೊದಲನೆಯ ಕೆಲಸ ಅಷ್ಟಿಷ್ಟು ನಡೆಯುತ್ತದೆ. ಮೂರನೆಯದರ ಅಭ್ಯಾಸ ಆಗುವುದೇ ಇಲ್ಲ. ಪರೀಕ್ಷೆ ಕೇಳುವುದು ಆ ಮೂರನೆಯದನ್ನು.

ಕುಮಟಾದಿಂದ ಹೊನ್ನಾವರಕ್ಕೆ ದಿನವೂ ಬಸ್ಸಿನಲ್ಲಿ ಹೋಗಿಬರುವ ಹುಡುಗನಿಗೆ ದಾರಿಯ ಪ್ರತಿ ತಿರುವೂ ಪರಿಚಿತ. ಕಣ್ಣು ಮುಚ್ಚಿ ನಿಲ್ದಾಣಗಳ ಹೆಸರನ್ನು ಸಾಲಾಗಿ ಹೇಳು ಎಂದರೆ ನಾಲ್ಕನೆಯದಕ್ಕೇ ತಡವರಿಸುತ್ತಾನೆ. ಕಂಡಾಗ ಗುರುತು ಹಿಡಿಯುವುದು ಒಂದು ಶಕ್ತಿ, ಕಾಣದಿರುವಾಗ ನೆನೆಯುವುದು ಇನ್ನೊಂದು. ಓದಿದ ಪುಟವನ್ನು ಮತ್ತೆ ನೋಡಿದಾಗ ಗುರುತು ಸಿಗುತ್ತದೆ. ಆ ಗುರುತನ್ನೇ ಮಗು ‘ನನಗೆ ಬರುತ್ತದೆ’ ಎಂದು ತಿಳಿಯುತ್ತದೆ. ಅಭ್ಯಾಸದ ಒಳ್ಳೆಯ ವಿಧಾನಗಳೆಲ್ಲ ಈ ಭ್ರಮೆಯನ್ನು ಒಡೆಯುವ ಉಪಾಯಗಳೇ.

ಮರೆವಿನ ಲೆಕ್ಕ

ಮರೆವಿಗೂ ಒಂದು ಲೆಕ್ಕವಿದೆ. ಅದನ್ನು ಮೊದಲು ಅಳೆದವನು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್. ಅರ್ಥವಿಲ್ಲದ ಅಕ್ಷರಗುಚ್ಛಗಳ ಪಟ್ಟಿಗಳನ್ನು ಮಾಡಿಕೊಂಡು, ತನ್ನನ್ನೇ ಪ್ರಯೋಗಕ್ಕೆ ಒಡ್ಡಿಕೊಂಡು, ಬಾಯಿಪಾಠ ಮಾಡಿ, ಬೇರೆ ಬೇರೆ ಅಂತರದ ನಂತರ ಅದೇ ಪಟ್ಟಿಯನ್ನು ಮತ್ತೆ ಕಲಿತು, ಎರಡನೆಯ ಸಲ ಎಷ್ಟು ಸಮಯ ಉಳಿಯಿತೆಂದು ಲೆಕ್ಕ ಹಾಕಿದ. 1885ರಲ್ಲಿ ಪ್ರಕಟವಾದ ಅವನ ಪುಸ್ತಕದ ಪ್ರಕಾರ 20 ನಿಮಿಷದ ನಂತರ ಮತ್ತೆ ಕಲಿತರೆ ಮೊದಲಿನ ಶ್ರಮದಲ್ಲಿ ಸುಮಾರು ಶೇ. 58ರಷ್ಟು ಉಳಿತಾಯವಾಗುತ್ತಿತ್ತು. ಒಂದು ಗಂಟೆಯ ನಂತರ ಶೇ. 44, ಒಂದು ದಿನದ ನಂತರ ಶೇ. 34, 31 ದಿನಗಳ ನಂತರ ಶೇ. 21.

ಈ ಅಂಕಿಗಳಲ್ಲಿ ಎರಡು ವಿಷಯ ಕಾಣುತ್ತವೆ. ಸೋರಿಕೆಯ ದೊಡ್ಡ ಪಾಲು ಮೊದಲ ದಿನವೇ ಆಗಿಹೋಗುತ್ತದೆ. ಆಮೇಲೆ ಅದು ನಿಧಾನವಾಗುತ್ತದೆ. ಮತ್ತು ತಿಂಗಳು ಕಳೆದರೂ ಪೂರ್ತಿ ಖಾಲಿಯಾಗುವುದಿಲ್ಲ. ಪಾಠಕ್ಕೆ ಅರ್ಥವಿರುವುದರಿಂದ ಅದು ಅರ್ಥವಿಲ್ಲದ ಅಕ್ಷರಗಳಷ್ಟು ಬೇಗ ಮರೆತುಹೋಗದು. ಆದರೂ ಸೋರುವ ರೀತಿ ಇದೇ. ಸೋಮವಾರ ಶಾಲೆಯಲ್ಲಿ ಕೇಳಿದ ಪಾಠವನ್ನು ಸೋಮವಾರ ಸಂಜೆ ಹತ್ತು ನಿಮಿಷ ನೆನೆದವನಿಗೂ, ಪರೀಕ್ಷೆಯ ಹಿಂದಿನ ವಾರ ಮೊದಲ ಬಾರಿಗೆ ತೆರೆದವನಿಗೂ ಇರುವ ಅಂತರ ಇಲ್ಲಿಂದಲೇ ಹುಟ್ಟುತ್ತದೆ.

ಖಾಲಿ ಹಾಳೆಯ ಪರೀಕ್ಷೆ

ಮರೆವಿಗೆ ಮದ್ದು ಮತ್ತೆ ಓದುವುದೇ ಎಂದು ಯಾರಿಗಾದರೂ ಅನಿಸುತ್ತದೆ. ಅಮೆರಿಕದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗ ಈ ಅನಿಸಿಕೆಯನ್ನೇ ಪರೀಕ್ಷಿಸಿತು. ವಿದ್ಯಾರ್ಥಿಗಳು ಒಂದು ಗದ್ಯಭಾಗವನ್ನು ಓದಿದರು. ಬಳಿಕ ಅದನ್ನು ಮತ್ತೊಮ್ಮೆ ಓದಿದ್ದು ಒಂದು ಬಗೆ. ಪುಟ ನೋಡದೆ ನೆನಪಿದ್ದಷ್ಟನ್ನು ಬರೆದದ್ದು ಇನ್ನೊಂದು ಬಗೆ. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದವರೇ ಮುಂದಿದ್ದರು: ಅವರಿಗೆ ಶೇ. 81, ಬರೆದವರಿಗೆ ಶೇ. 75. ಎರಡು ದಿನ ಕಳೆದ ಮೇಲೆ ಲೆಕ್ಕ ತಲೆಕೆಳಗಾಯಿತು. ಬರೆದವರಿಗೆ ಶೇ. 68 ನೆನಪಿತ್ತು, ಎರಡು ಸಲ ಓದಿದವರಿಗೆ ಶೇ. 54. ವಾರದ ನಂತರ ಅದು 56 ಮತ್ತು 42.

ಪರೀಕ್ಷೆಯ ದಿನ ಬೆಳಿಗ್ಗೆ ಓದಿ ಮಧ್ಯಾಹ್ನ ಬರೆದು ಬರುವ ಮಗುವಿಗೆ ಪುನಃ ಓದುವುದೇ ಒಳ್ಳೆಯದೆಂದು ಏಕೆ ಅನಿಸುತ್ತದೆ ಎಂಬುದೂ ಈ ಪ್ರಯೋಗದಲ್ಲೇ ಇದೆ. ಐದು ನಿಮಿಷದ ಲೆಕ್ಕದಲ್ಲಿ ಅದು ನಿಜ. ವರ್ಷದ ಲೆಕ್ಕದಲ್ಲಿ ಸುಳ್ಳು.

ಇದನ್ನು ಮನೆಯಲ್ಲಿ ಮಾಡಲು ಪುಸ್ತಕ, ಒಂದು ಖಾಲಿ ಹಾಳೆ, ಎರಡು ಬಣ್ಣದ ಪೆನ್ನು ಸಾಕು. ವಿಜ್ಞಾನದ ದ್ಯುತಿಸಂಶ್ಲೇಷಣೆಯ ಎರಡು ಪುಟವನ್ನೇ ತೆಗೆದುಕೊಳ್ಳಬಹುದು. ಹುಡುಗಿ ನಿಧಾನವಾಗಿ ಒಮ್ಮೆ ಓದಿ ಪುಸ್ತಕ ಮುಚ್ಚುತ್ತಾಳೆ. ನೀಲಿ ಪೆನ್ನಿನಲ್ಲಿ ನೆನಪಾದದ್ದನ್ನೆಲ್ಲ ಬರೆಯುತ್ತಾಳೆ: ಎಲೆ, ಪತ್ರಹರಿತ್ತು, ಸೂರ್ಯನ ಬೆಳಕು, ಬೇರಿನಿಂದ ನೀರು, ಗಾಳಿಯಿಂದ ಇಂಗಾಲದ ಡೈಆಕ್ಸೈಡ್, ಕೊನೆಗೆ ಗ್ಲೂಕೋಸ್ ಮತ್ತು ಆಮ್ಲಜನಕ. ಗಾಳಿ ಎಲೆಯೊಳಗೆ ಹೋಗುವುದು ಎಲ್ಲಿಂದ ಎಂಬಲ್ಲಿ ಪೆನ್ನು ನಿಲ್ಲುತ್ತದೆ. ಒಂದು ನಿಮಿಷ ತಡಕಾಡಿದರೂ ಸಿಗುವುದಿಲ್ಲ. ಆಗ ಪುಸ್ತಕ ತೆರೆದು, ಬಿಟ್ಟುಹೋದ ‘ಪತ್ರರಂಧ್ರ’ವನ್ನು ಕೆಂಪು ಪೆನ್ನಿನಲ್ಲಿ ಸೇರಿಸುತ್ತಾಳೆ. ಮರುದಿನದ ಅಭ್ಯಾಸ ಆ ಕೆಂಪು ಶಬ್ದದಿಂದಲೇ ಶುರು.

ಇಲ್ಲಿ ಆ ತಡಕಾಟವನ್ನು ತಪ್ಪಿಸಬಾರದು. ಸಿಗದ ಉತ್ತರಕ್ಕಾಗಿ ತಲೆ ಕೆರೆದುಕೊಂಡ ಒಂದು ನಿಮಿಷ ವ್ಯರ್ಥವಲ್ಲ. ಅದಾದ ಮೇಲೆ ಕಂಡ ಉತ್ತರ ಗಟ್ಟಿಯಾಗಿ ನಿಲ್ಲುತ್ತದೆ. ಬರೆದದ್ದನ್ನು ಪುಸ್ತಕದ ಜೊತೆ ತಾಳೆ ನೋಡುವುದನ್ನು ಮಾತ್ರ ಬಿಡಕೂಡದು. ತಾಳೆ ನೋಡದಿದ್ದರೆ ತಪ್ಪೇ ಪಾಠವಾಗಿ ಉಳಿಯುತ್ತದೆ.

ಬಿಡುವು ಕೊಟ್ಟು ಮರಳುವುದು

ನೆನೆಯುವುದರಷ್ಟೇ ಮುಖ್ಯವಾದದ್ದು ಯಾವಾಗ ನೆನೆಯಬೇಕು ಎಂಬುದು. ಭಾನುವಾರ ಒಂದೇ ಪಟ್ಟಿಗೆ ಎರಡು ಗಂಟೆ ಸಮಾಜ ಓದುವ ಬದಲು ನಾಲ್ಕು ದಿನ ಅರ್ಧರ್ಧ ಗಂಟೆ ಓದಿದರೆ, ಗಂಟೆಯ ಲೆಕ್ಕ ಅಷ್ಟೇ ಇದ್ದರೂ ಹೆಚ್ಚು ಉಳಿಯುತ್ತದೆ. ಸ್ವಲ್ಪ ಮರೆತ ಹೊತ್ತಿಗೆ ಮತ್ತೆ ನೆನೆಯುವಾಗ ಮನಸ್ಸು ಕಷ್ಟಪಡಬೇಕಾಗುತ್ತದೆ. ಆ ಕಷ್ಟವೇ ನೆನಪನ್ನು ಗಟ್ಟಿ ಮಾಡುತ್ತದೆ. ಇನ್ನೂ ಬಿಸಿಯಾಗಿರುವುದನ್ನೇ ಮತ್ತೆ ಓದಿದರೆ ಕಷ್ಟವೂ ಇಲ್ಲ, ಲಾಭವೂ ಕಡಿಮೆ.

ಅನುಕೂಲಕ್ಕೆ ಒಂದು ಸರಳ ಕ್ರಮ: ಪಾಠವಾದ ಸಂಜೆ ಒಮ್ಮೆ, ಮೂರನೆಯ ದಿನ ಒಮ್ಮೆ, ವಾರದ ನಂತರ ಒಮ್ಮೆ, ತಿಂಗಳ ನಂತರ ಒಮ್ಮೆ. ಮೊದಲ ಸಲ ಇಪ್ಪತ್ತು ನಿಮಿಷ ಬೇಕಾದ ಪಾಠಕ್ಕೆ ನಾಲ್ಕನೆಯ ಸಲ ಐದು ನಿಮಿಷವೂ ಬೇಕಾಗದು. ಬರೆಯುವ ಪಟ್ಟಿಯ ಕೊನೆಯ ಪುಟದಲ್ಲಿ ಪಾಠದ ಹೆಸರು ಬರೆದು, ಪಕ್ಕದಲ್ಲಿ ನೆನೆದ ತಾರೀಖುಗಳನ್ನು ಹಾಕುತ್ತ ಹೋದರೆ ಯಾವ ಪಾಠ ಬಹಳ ದಿನದಿಂದ ಒಂಟಿಯಾಗಿದೆ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ.

ಶಬ್ದಾರ್ಥ, ಸೂತ್ರ, ಇಸವಿ, ವ್ಯಾಖ್ಯೆಗಳಂಥ ಚಿಕ್ಕ ಚೂರುಗಳಿಗೆ ಜರ್ಮನಿಯ ಪತ್ರಕರ್ತ ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ತನ್ನ ಪುಸ್ತಕದಲ್ಲಿ ಹೇಳಿದ ಪೆಟ್ಟಿಗೆಯ ಉಪಾಯ ಒಗ್ಗುತ್ತದೆ. ಹಳೆಯ ಮದುವೆ ಕಾಗದಗಳನ್ನು ಚೀಟಿಗಳಾಗಿ ಕತ್ತರಿಸಿ, ಒಂದು ಮಗ್ಗುಲಿಗೆ ಪ್ರಶ್ನೆ, ಇನ್ನೊಂದು ಮಗ್ಗುಲಿಗೆ ಉತ್ತರ ಬರೆಯಬೇಕು. ಚಪ್ಪಲಿ ಪೆಟ್ಟಿಗೆಯೊಂದನ್ನು ಮೂರು ಖಾನೆ ಮಾಡಬೇಕು. ಮೊದಲ ಖಾನೆ ದಿನವೂ, ಎರಡನೆಯದು ಮೂರು ದಿನಕ್ಕೊಮ್ಮೆ, ಮೂರನೆಯದು ವಾರಕ್ಕೊಮ್ಮೆ. ಉತ್ತರ ಸರಿಯಾದ ಚೀಟಿ ಮುಂದಿನ ಖಾನೆಗೆ ಬಡ್ತಿ ಪಡೆಯುತ್ತದೆ. ತಪ್ಪಾದದ್ದು, ಅದು ಮೂರನೆಯ ಖಾನೆಯಲ್ಲೇ ಇದ್ದಿರಲಿ, ಮರಳಿ ಮೊದಲನೆಯದಕ್ಕೆ ಬರುತ್ತದೆ. ಹೀಗಾಗಿ ಬಾರದ ಪ್ರಶ್ನೆ ದಿನವೂ ಎದುರು ನಿಲ್ಲುತ್ತದೆ, ಬರುವ ಪ್ರಶ್ನೆ ಸಮಯ ತಿನ್ನುವುದಿಲ್ಲ. ಮಕ್ಕಳು ಸಾಮಾನ್ಯವಾಗಿ ಮಾಡುವುದು ಇದರ ವಿರುದ್ಧ: ಬರುವ ಪಾಠವನ್ನೇ ಮತ್ತೆ ಮತ್ತೆ ಓದಿ ಸಮಾಧಾನಪಡುವುದು.

ಅಕ್ಷರ ಕಲಿಯದೆಯೂ ಅಪಾರ ಹಾಡುಗಳನ್ನು ನೆನಪಿನಲ್ಲಿ ಇಟ್ಟುಕೊಂಡಿದ್ದ ಅಂಕೋಲಾ ತಾಲೂಕಿನ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು. ಇಂಥ ಹಾಡುಗಳು ಒಂದೇ ದಿನ ಕುಳಿತು ಉರು ಹೊಡೆದವಲ್ಲ. ಮದುವೆ, ಹಬ್ಬ, ಗದ್ದೆ ಕೆಲಸಗಳಲ್ಲಿ ಬಿಡುವು ಬಿಡುವಾಗಿ, ವರ್ಷ ವರ್ಷವೂ, ಪುಸ್ತಕವಿಲ್ಲದೆ ಬಾಯಿಗೆ ಬಂದವು. ಬಿಡುವು ಕೊಟ್ಟು ನೆನೆಯುವುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಸಿಗದು.

ಬಾಯಿಪಾಠವೂ ಅರ್ಥವೂ

ಬಾಯಿಪಾಠವನ್ನು ಹೀಗಳೆಯುವುದು ಈಗಿನ ರೂಢಿ. ಕುಮಟಾ ತಾಲೂಕಿನಲ್ಲೇ ಇರುವ ಗೋಕರ್ಣ ವೇದಾಧ್ಯಯನದ ಹಳೆಯ ನೆಲೆ. ಬಾಯಿಪಾಠ ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದನ್ನು ವೇದಪಾಠದ ಕ್ರಮದಲ್ಲೇ ನೋಡಬಹುದು. ಅಲ್ಲಿ ಮಂತ್ರವನ್ನು ಒಂದೇ ರೀತಿಯಲ್ಲಿ ನೂರು ಸಲ ಹೇಳಿಸುವುದಿಲ್ಲ. ಕ್ರಮಪಾಠದಲ್ಲಿ ಒಂದು-ಎರಡು, ಎರಡು-ಮೂರು, ಮೂರು-ನಾಲ್ಕು ಎಂದು ಪದಗಳನ್ನು ಜೋಡಿಸುತ್ತಾರೆ. ಘನಪಾಠದಲ್ಲಿ ಒಂದು-ಎರಡು, ಎರಡು-ಒಂದು, ಒಂದು-ಎರಡು-ಮೂರು, ಮೂರು-ಎರಡು-ಒಂದು, ಮತ್ತೆ ಒಂದು-ಎರಡು-ಮೂರು. ಹಿಂದೆ ಮುಂದೆ ತಿರುಗಿಸಿ ಹೇಳುವಾಗ ರಾಗದ ಓಟದಲ್ಲಿ ನಾಲಿಗೆ ತಾನೇ ಸಾಗಿಬಿಡಲು ಆಗುವುದಿಲ್ಲ. ಪ್ರತಿ ಪದಕ್ಕೂ ಗಮನ ಬೇಕು. ಒಂದು ಪದ ತಪ್ಪಿದರೆ ತಕ್ಷಣ ಗೊತ್ತಾಗುತ್ತದೆ. ಬರಹದ ಆಸರೆಯಿಲ್ಲದೆ ಪಠ್ಯವೊಂದು ತಲೆಮಾರುಗಳನ್ನು ದಾಟಿ ಬಂದದ್ದು ಈ ಕಟ್ಟುನಿಟ್ಟಿನಿಂದ.

ಆದರೆ ಈ ಪಾಠಕ್ರಮಗಳು ಕಾಯುವುದು ಶಬ್ದವನ್ನು. ಅರ್ಥಕ್ಕೆ ಬೇರೆಯೇ ಅಧ್ಯಯನ ಬೇಕು. ಶಾಲೆಯಲ್ಲೂ ಹಾಗೆಯೇ. ಮಗ್ಗಿ, ಕಂಠಪಾಠದ ಪದ್ಯ, ಸೂತ್ರ, ಆವರ್ತ ಕೋಷ್ಟಕದ ಮೊದಲ ಇಪ್ಪತ್ತು ಧಾತುಗಳು ಬಾಯಿಗೇ ಬರಬೇಕು. ಹದಿನೇಳರ ಮಗ್ಗಿ ನಾಲಿಗೆಯ ಮೇಲಿದ್ದರೆ ಲೆಕ್ಕದ ನಡುವೆ ಮನಸ್ಸು ಗುಣಾಕಾರಕ್ಕೆ ಒದ್ದಾಡದೆ ಲೆಕ್ಕದ ದಾರಿಯನ್ನು ಹುಡುಕಬಹುದು. ಮನಸ್ಸು ಏಕಕಾಲಕ್ಕೆ ಹಿಡಿದಿಡಬಲ್ಲ ಸಂಗತಿಗಳು ಕೇವಲ ನಾಲ್ಕಾರು. ಅದರಲ್ಲಿ ಮಗ್ಗಿಗೂ ಜಾಗ ಕೊಟ್ಟರೆ ಉಳಿದದ್ದಕ್ಕೆ ಜಾಗವಿಲ್ಲ. ಗೈಡಿನ ಹತ್ತು ಸಾಲಿನ ಉತ್ತರವನ್ನು ಅಕ್ಷರ ಬಿಡದೆ ಉರು ಹೊಡೆಯುವುದಕ್ಕೆ ಮಾತ್ರ ಈ ಸಮರ್ಥನೆ ಇಲ್ಲ. ಅದರಲ್ಲಿ ಎರಡನೆಯ ಸಾಲು ಮರೆತರೆ ಮೂರನೆಯದು ಬರುವುದಿಲ್ಲ. ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದರೆ ಇಡೀ ಉತ್ತರವೇ ಉಪಯೋಗಕ್ಕಿಲ್ಲ.

ಅಂಥ ಕಡೆ ಮಾದರಿ ಸಿಗುವುದು ತಾಳಮದ್ದಳೆಯಲ್ಲಿ. ಹೊನ್ನಾವರ ತಾಲೂಕಿನ ಕೆರೆಮನೆಯಲ್ಲಿ 1934ರಲ್ಲಿ ಶಿವರಾಮ ಹೆಗಡೆಯವರು ಇಡಗುಂಜಿ ಮೇಳ ಕಟ್ಟಿದ ಈ ಸೀಮೆಯಲ್ಲಿ ಯಕ್ಷಗಾನ ಎಲ್ಲರಿಗೂ ಗೊತ್ತು. ವೇಷ ಕುಣಿತಗಳಿಲ್ಲದ ಅದರ ಕೂಟವೇ ತಾಳಮದ್ದಳೆ. ಭಾಗವತ ಪದ್ಯ ಹಾಡುತ್ತಾನೆ. ಅರ್ಥಧಾರಿ ಅದರ ಅರ್ಥವನ್ನು ತನ್ನ ಮಾತಿನಲ್ಲಿ, ಅಲ್ಲಿಯೇ ಕಟ್ಟಿಕೊಂಡು ಹೇಳುತ್ತಾನೆ. ಎದುರಿನ ಅರ್ಥಧಾರಿ ಅಡ್ಡ ಪ್ರಶ್ನೆ ಎಸೆದರೆ ಅದಕ್ಕೂ ಉತ್ತರ ಕೊಡಬೇಕು. ಅವನಿಗೆ ಪ್ರಸಂಗದ ನಡೆ ಗೊತ್ತು, ಪಾತ್ರದ ನಿಲುವು ಗೊತ್ತು. ಮಾತು ಮಾತ್ರ ಇವತ್ತಿನದು. ಇತಿಹಾಸದ ಪಾಠಕ್ಕೂ ಇದೇ ಹದ. ಇಸವಿ, ಹೆಸರು, ಕಾರಣಗಳ ಸರಣಿ ಬಾಯಿಗೆ ಬರಲಿ. ವಾಕ್ಯ ಮಗುವಿನದೇ ಇರಲಿ. ಇಬ್ಬರು ಗೆಳೆಯರು ಎದುರು ಬದುರು ಕೂತು, ಒಬ್ಬ ಪಾಠವನ್ನು ತನ್ನ ಮಾತಿನಲ್ಲಿ ಹೇಳುತ್ತ, ಇನ್ನೊಬ್ಬ ‘ಅದು ಹೇಗೆ? ಹಾಗಾದರೆ ಇದು ಯಾಕೆ?’ ಎಂದು ಕೇಳುತ್ತ ಹೋದರೆ ಅರ್ಧ ಗಂಟೆಯಲ್ಲಿ ಪಾಠದ ಗಟ್ಟಿ ಜಾಗವೂ ಪೊಳ್ಳು ಜಾಗವೂ ಹೊರಬೀಳುತ್ತವೆ.

‘ಯಾಕೆ’ ಎಂಬ ಕೊಕ್ಕೆ

ಒಂಟಿ ಸಂಗತಿ ನೆನಪಿನಲ್ಲಿ ನಿಲ್ಲುವುದು ಕಷ್ಟ. ಇನ್ನೊಂದಕ್ಕೆ ಕೊಕ್ಕೆ ಹಾಕಿಕೊಂಡದ್ದು ನಿಲ್ಲುತ್ತದೆ. ಆ ಕೊಕ್ಕೆಯ ಹೆಸರು ‘ಯಾಕೆ’.

ಹತ್ತೊಂಬತ್ತನೆಯ ಶತಮಾನದ ವ್ಯಾಪಾರದಲ್ಲಿ ‘ಕುಮ್ಟಾ ಹತ್ತಿ’ ಎಂಬ ಹೆಸರು ಪ್ರಸಿದ್ಧವಾಗಿತ್ತು. ಕರಾವಳಿಯ ಮಳೆಯ ನೆಲದಲ್ಲಿ ಹತ್ತಿ ಬೆಳೆಯುವುದಿಲ್ಲ. ಹಾಗಾದರೆ ಆ ಹೆಸರು ಯಾಕೆ? ಹತ್ತಿ ಧಾರವಾಡ, ಹುಬ್ಬಳ್ಳಿ ಸೀಮೆಯದು. ಗಾಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಬಂದು, ಅಲ್ಲಿಂದ ಹಡಗಿನಲ್ಲಿ ಮುಂಬಯಿಗೆ ಹೋಗುತ್ತಿತ್ತು. ಹತ್ತಿಗೆ ಬಂದರಿನ ಹೆಸರು ಅಂಟಿತು. ಅಷ್ಟೊಂದು ಬೇಡಿಕೆ ಯಾಕೆ? 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ. ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿನ ಹತ್ತಿ ಬರುವುದು ನಿಂತು ಭಾರತದ ಹತ್ತಿಗೆ ಬೆಲೆ ಏರಿತು. ಅದೇ ಕಾಲದಲ್ಲಿ, 1862ರಲ್ಲಿ, ಉತ್ತರ ಕನ್ನಡ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಆಮೇಲೆ ಬಂದರಿನ ವ್ಯಾಪಾರ ಇಳಿದದ್ದು ಯಾಕೆ? ಘಟ್ಟದ ಮೇಲಿನ ಊರುಗಳಿಗೆ ರೈಲು ಬಂತು. ಮೂರು ‘ಯಾಕೆ’ಗಳಲ್ಲಿ ಭೂಗೋಳ, ಜಗತ್ತಿನ ಇತಿಹಾಸ, ಸಾರಿಗೆ, ಆಡಳಿತ ಒಂದೇ ದಾರದಲ್ಲಿ ಕೂತವು. ಅಮೆರಿಕದ ಅಂತರ್ಯುದ್ಧದ ಇಸವಿಯನ್ನು ಕುಮಟಾದ ಮಗು ಇನ್ನು ಸುಲಭಕ್ಕೆ ಮರೆಯದು.

ವಿಜ್ಞಾನಕ್ಕೂ ಸುತ್ತಲಿನ ನೆಲವೇ ಪ್ರಯೋಗಶಾಲೆ. ಆವಿಯಾಗುವಿಕೆ, ಸ್ಫಟಿಕೀಕರಣ ಎಂಬ ಶಬ್ದಗಳು ಪುಸ್ತಕದಲ್ಲಿ ಒಣಗಿರುತ್ತವೆ. ಗೋಕರ್ಣದ ಹತ್ತಿರ ಸಾಣಿಕಟ್ಟೆಯ ಉಪ್ಪಿನಾಗರದಲ್ಲಿ ಅವು ಕಣ್ಣಿಗೇ ಕಾಣುತ್ತವೆ: ಉಪ್ಪುನೀರನ್ನು ಕಟ್ಟಿಹಾಕುವುದು, ಬಿಸಿಲಿಗೆ ಅದು ಮಂದವಾಗುವುದು, ಕೊನೆಯ ಮಡಿಯಲ್ಲಿ ಹರಳು ಕಟ್ಟುವುದು. ಮಳೆಗಾಲದಲ್ಲಿ ಉಪ್ಪು ಯಾಕೆ ತೆಗೆಯುವುದಿಲ್ಲ ಎಂದು ಕೇಳಿಕೊಂಡ ಮಗುವಿಗೆ ಆರ್ದ್ರತೆಗೂ ಆವಿಯಾಗುವ ವೇಗಕ್ಕೂ ಇರುವ ಸಂಬಂಧ ಅರ್ಧ ಹೇಳಿಕೊಟ್ಟಂತೆಯೇ. ಅಘನಾಶಿನಿ ನದಿಯ ಗಜನಿಯಲ್ಲಿ, ಅಂದರೆ ಹಿನ್ನೀರಿನ ತಗ್ಗು ಗದ್ದೆಯಲ್ಲಿ, ಬೆಳೆಯುವ, ಉಪ್ಪುನೀರನ್ನು ತಡೆದುಕೊಳ್ಳುವ ಕಗ್ಗ ಭತ್ತ ‘ಹೊಂದಾಣಿಕೆ’ ಎಂಬ ಪಾಠದ ಜೀವಂತ ಉದಾಹರಣೆ.

ಲೆಕ್ಕವನ್ನು ಬೆರೆಸಿ ಮಾಡುವುದು

ಗಣಿತದಲ್ಲಿ ಓದು ಎಂಬುದೇ ಇಲ್ಲ, ಬಿಡಿಸುವುದೇ ಅಭ್ಯಾಸ. ಬಿಡಿಸಿದ ಲೆಕ್ಕವನ್ನು ಕಣ್ಣಾಡಿಸಿದರೆ ಪ್ರತಿ ಹೆಜ್ಜೆಯೂ ಸರಿ ಎನಿಸುತ್ತದೆ. ಅದೇ ಲೆಕ್ಕವನ್ನು ಪುಸ್ತಕ ಮುಚ್ಚಿ ಮಾಡಿದಾಗ ಎಲ್ಲಿ ಸಿಕ್ಕಿಬೀಳುತ್ತದೆ ಎಂಬುದು ಗೊತ್ತಾಗುತ್ತದೆ.

ಪಠ್ಯಪುಸ್ತಕದ ಅಭ್ಯಾಸಗಳಲ್ಲಿ ಒಂದು ಅಡಚಣೆ ಇದೆ. ವರ್ಗ ಸಮೀಕರಣದ ಅಧ್ಯಾಯದ ಕೊನೆಗೆ ಬರುವ ಲೆಕ್ಕಗಳೆಲ್ಲ ವರ್ಗ ಸಮೀಕರಣದವೇ. ಯಾವ ಸೂತ್ರ ಹಚ್ಚಬೇಕು ಎಂದು ಯೋಚಿಸುವ ಪ್ರಮೇಯವೇ ಬರುವುದಿಲ್ಲ. ಪರೀಕ್ಷೆಯಲ್ಲಿ ಸಮಾಂತರ ಶ್ರೇಢಿಯ ಪಕ್ಕದಲ್ಲೇ ಸಂಭವನೀಯತೆ, ಅದರ ಕೆಳಗೆ ಘನಫಲ. ಲೆಕ್ಕ ಮಾಡಲು ಬರುತ್ತದೆ, ಯಾವ ಲೆಕ್ಕ ಎಂದು ಗುರುತಿಸಲು ಬರುವುದಿಲ್ಲ ಎಂಬ ಸ್ಥಿತಿ ಆಗ. ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಘನಾಕೃತಿಗಳ ಗಾತ್ರದ ಲೆಕ್ಕಗಳನ್ನು ಕೆಲವರು ಒಂದೊಂದೇ ಬಗೆಯಂತೆ, ಕೆಲವರು ಬೆರೆಸಿ ಮಾಡಿದರು. ಅಭ್ಯಾಸದ ಹೊತ್ತಿಗೆ ಒಂದೊಂದೇ ಬಗೆ ಮಾಡಿದವರಿಗೆ ಶೇ. 89 ಸರಿ ಬಂತು, ಬೆರೆಸಿದವರಿಗೆ ಶೇ. 60. ವಾರದ ನಂತರದ ಪರೀಕ್ಷೆಯಲ್ಲಿ ಬೆರೆಸಿದವರದು ಶೇ. 63, ಇನ್ನೊಂದು ಗುಂಪಿನದು ಶೇ. 20.

ಆದ್ದರಿಂದ ಹೊಸ ಅಧ್ಯಾಯ ಕಲಿಯುವಾಗ ಮೊದಲು ಅದೇ ಬಗೆಯ ಐದಾರು ಲೆಕ್ಕ ಮಾಡಿ ಕೈ ಕೂರಿಸಿಕೊಳ್ಳಬೇಕು. ನಂತರದ ದಿನಗಳಲ್ಲಿ ಬೇರೆ ಬೇರೆ ಅಧ್ಯಾಯಗಳಿಂದ ಒಂದೊಂದು ಲೆಕ್ಕವನ್ನು ಚೀಟಿಯಲ್ಲಿ ಬರೆದು, ಡಬ್ಬಿಗೆ ಹಾಕಿ, ಕಣ್ಣು ಮುಚ್ಚಿ ನಾಲ್ಕು ಚೀಟಿ ಎತ್ತಿ ಬಿಡಿಸಬೇಕು. ತಪ್ಪಾದ ಲೆಕ್ಕಗಳಿಗೆ ಬೇರೆಯೇ ಒಂದು ಪಟ್ಟಿ ಇಟ್ಟು, ತಪ್ಪು ಎಂಥದ್ದು ಎಂದು ಒಂದು ಸಾಲು ಬರೆದಿಡುವುದು ಒಳ್ಳೆಯದು: ಚಿಹ್ನೆ ತಪ್ಪಿತೋ, ಸೂತ್ರವೇ ಬೇರೆಯೋ, ಪ್ರಶ್ನೆ ಅರ್ಥವಾಗಲಿಲ್ಲವೋ. ತಿಂಗಳ ಕೊನೆಗೆ ಆ ಪಟ್ಟಿ ನೋಡಿದರೆ ಮಾಡುತ್ತಿರುವ ತಪ್ಪುಗಳು ಎರಡೋ ಮೂರೋ ಬಗೆಯವು ಮಾತ್ರ ಎಂಬುದು ಬೆಳಕಿಗೆ ಬರುತ್ತದೆ.

ಹೊಸ ಪಾಠ ಓದುವ ಕ್ರಮ

ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರಾನ್ಸಿಸ್ ರಾಬಿನ್ಸನ್ 1946ರ ತನ್ನ ಪುಸ್ತಕದಲ್ಲಿ ಪಾಠ ಓದಲು ಐದು ಹೆಜ್ಜೆ ಹೇಳಿದ: ಕಣ್ಣಾಡಿಸುವುದು, ಪ್ರಶ್ನೆ ಮಾಡಿಕೊಳ್ಳುವುದು, ಓದುವುದು, ನೋಡದೆ ಹೇಳುವುದು, ಮರಳಿ ನೋಡುವುದು. ಮೊದಲು ಶೀರ್ಷಿಕೆ, ಉಪಶೀರ್ಷಿಕೆ, ಚಿತ್ರ, ಪಾಠದ ಕೊನೆಯ ಪ್ರಶ್ನೆಗಳನ್ನು ಎರಡು ನಿಮಿಷ ನೋಡಬೇಕು. ಪ್ರತಿ ಉಪಶೀರ್ಷಿಕೆಯನ್ನು ಪ್ರಶ್ನೆಯಾಗಿ ತಿರುಗಿಸಬೇಕು. ‘ಮಣ್ಣಿನ ಸವಕಳಿಯ ಕಾರಣಗಳು’ ಎಂಬುದು ‘ಮಣ್ಣು ಯಾಕೆ ಸವೆಯುತ್ತದೆ?’ ಎಂದಾದರೆ ಓದುವ ಕಣ್ಣಿಗೆ ಹುಡುಕಾಟ ಸಿಗುತ್ತದೆ.

ಟಿಪ್ಪಣಿ ಬರೆಯುವುದೆಂದರೆ ಪುಸ್ತಕವನ್ನು ಪಟ್ಟಿಗೆ ಇಳಿಸುವುದಲ್ಲ. ಪುಟದ ಎಡಗಡೆ ಮೂರನೆಯ ಒಂದು ಭಾಗ ಬಿಟ್ಟು ಗೆರೆ ಎಳೆದು, ಬಲಗಡೆ ಮಾಸ್ತರರು ಹೇಳಿದ ಮುಖ್ಯ ಸಂಗತಿಗಳನ್ನು ಚುಟುಕಾಗಿ ಬರೆಯಬೇಕು. ಸಂಜೆ ಎಡಗಡೆಯ ಖಾಲಿ ಜಾಗದಲ್ಲಿ ಅವಕ್ಕೆ ಪ್ರಶ್ನೆಗಳನ್ನು, ಪುಟದ ಬುಡದಲ್ಲಿ ಎರಡು ಸಾಲಿನ ಸಾರವನ್ನು ಬರೆಯಬೇಕು. ಪುನರಾವರ್ತನೆಯ ದಿನ ಬಲಭಾಗವನ್ನು ಕೈಯಿಂದ ಮುಚ್ಚಿ ಎಡಗಡೆಯ ಪ್ರಶ್ನೆಗೆ ಉತ್ತರ ಹೇಳಿಕೊಂಡರೆ ಪಟ್ಟಿಯೇ ಪರೀಕ್ಷಕ. ಕಾರ್ನೆಲ್ ವಿಶ್ವವಿದ್ಯಾಲಯದ ವಾಲ್ಟರ್ ಪಾಕ್ ಬಳಕೆಗೆ ತಂದ ಕ್ರಮವಿದು.

ಬಣ್ಣದ ಪೆನ್ನಿನಿಂದ ಗೆರೆ ಎಳೆಯುವುದು ಮಕ್ಕಳಿಗೆ ಪ್ರಿಯ. ಜಾನ್ ಡನ್ಲೋಸ್ಕಿ ಮತ್ತು ಸಂಗಡಿಗರು 2013ರಲ್ಲಿ ಹತ್ತು ಅಭ್ಯಾಸ ವಿಧಾನಗಳ ಮೇಲಿನ ಸಂಶೋಧನೆಗಳನ್ನು ಒಟ್ಟಾಗಿ ಪರಿಶೀಲಿಸಿದಾಗ ಗೆರೆ ಎಳೆಯುವುದು, ಮತ್ತೆ ಮತ್ತೆ ಓದುವುದು ಎರಡೂ ಕಡಿಮೆ ಫಲದವು ಎಂಬ ಸಾಲಿಗೆ ಬಿದ್ದವು. ಹೆಚ್ಚು ಫಲದವು ಎರಡೇ: ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು ಮತ್ತು ಅಭ್ಯಾಸವನ್ನು ದಿನಗಳ ಮೇಲೆ ಹರಡುವುದು. ಒಂದು ಮಗು ನೋಡಿ ಕಲಿಯುವಂಥದು, ಇನ್ನೊಂದು ಕೇಳಿ ಕಲಿಯುವಂಥದು ಎಂದು ಪಂಗಡ ಮಾಡಿ ಕಲಿಸುವ ಮಾತಿಗೂ ಸಾಕಷ್ಟು ಆಧಾರವಿಲ್ಲವೆಂದು 2008ರ ಇನ್ನೊಂದು ಪರಿಶೀಲನೆ ಹೇಳಿತು. ಚಿತ್ರ, ಮಾತು, ಬರಹ ಮೂರೂ ಎಲ್ಲ ಮಕ್ಕಳಿಗೂ ಬೇಕು.

ಮನೆಮಾತು, ಪಾಠದ ಮಾತು

ಕುಮಟಾ, ಹೊನ್ನಾವರ, ಭಟ್ಕಳಗಳ ಒಂದೇ ತರಗತಿಯಲ್ಲಿ ಕೊಂಕಣಿ, ಹವ್ಯಕ ಕನ್ನಡ, ಹಾಲಕ್ಕಿ ಕನ್ನಡ, ನವಾಯತಿ, ಉರ್ದು ಆಡುವ ಮನೆಗಳ ಮಕ್ಕಳು ಕೂತಿರುತ್ತಾರೆ. ಪಾಠದ ಭಾಷೆ ಪುಸ್ತಕದ ಕನ್ನಡ. ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಾದರೆ ಇಂಗ್ಲಿಷ್. ಇಂಥ ಮಗುವಿಗೆ ಪಾಠ ಅರ್ಥವಾಗದ್ದಕ್ಕೆ ಅನೇಕ ಸಲ ವಿಷಯದ ಕಷ್ಟವಲ್ಲ, ಶಬ್ದದ ಕಷ್ಟ ಕಾರಣ.

ಇದಕ್ಕೆ ಎರಡು ಹೆಜ್ಜೆಯ ಕ್ರಮ ಒಳ್ಳೆಯದು. ಮೊದಲು ಪಾಠವನ್ನು ಮನೆಮಾತಿನಲ್ಲಿ ಯಾರಿಗಾದರೂ ಹೇಳಿ ನೋಡುವುದು, ಅಜ್ಜಿಗೋ ತಮ್ಮನಿಗೋ. ಮನೆಮಾತಿನಲ್ಲಿ ಹೇಳಲು ಬಂದರೆ ವಿಷಯ ತಿಳಿದಿದೆ ಎಂದು ಅರ್ಥ. ಅಲ್ಲಿ ಪುಸ್ತಕದ ವಾಕ್ಯದ ಹಿಂದೆ ಅಡಗಲು ಆಗುವುದಿಲ್ಲ. ಆಮೇಲೆ ಅದನ್ನೇ ಪಾಠದ ಭಾಷೆಯಲ್ಲಿ, ಪಾರಿಭಾಷಿಕ ಶಬ್ದಗಳನ್ನು ಬಳಸಿ ಬರೆಯುವುದು. ಪ್ರತಿ ಪಾಠದ ಹತ್ತು ಕಠಿಣ ಶಬ್ದಗಳಿಗೆ ಮನೆಮಾತಿನ ಅರ್ಥವನ್ನು ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಸೇರಿಸಿದರೆ ವರ್ಷದ ಕೊನೆಗೆ ಮಗುವಿನದೇ ಒಂದು ನಿಘಂಟು ಸಿದ್ಧ.

ಹೊತ್ತು, ಜಾಗ, ನಿದ್ದೆ

ವೇಳಾಪಟ್ಟಿ ಹಾಕಿ ಗೋಡೆಗೆ ಅಂಟಿಸಿ ಮೂರನೆಯ ದಿನ ಮರೆಯುವುದು ಎಲ್ಲ ಮನೆಗಳ ಕಥೆ. ದಿನಕ್ಕೆ ಆರು ಗಂಟೆ ಎಂದು ಬರೆದದ್ದೇ ಅದಕ್ಕೆ ಕಾರಣ. 25 ನಿಮಿಷ ಒಂದೇ ಕೆಲಸ, ಐದು ನಿಮಿಷ ಬಿಡುವು. ಇಂಥ ಎರಡು ಮೂರು ಸುತ್ತು ದಿನವೂ ತಪ್ಪದೆ ನಡೆದರೆ ಆರು ಗಂಟೆಯ ಕನಸಿಗಿಂತ ಮೇಲು. ಸುತ್ತು ಶುರುವಾಗುವ ಮುನ್ನ ‘ವಿಜ್ಞಾನ ಓದುವುದು’ ಎಂದಲ್ಲದೆ ‘ವಿದ್ಯುಚ್ಛಕ್ತಿ ಪಾಠದ ಐದು ಪ್ರಶ್ನೆಗೆ ನೋಡದೆ ಉತ್ತರ ಬರೆಯುವುದು’ ಎಂದು ಖಚಿತವಾಗಿ ಗೊತ್ತು ಮಾಡಿಕೊಳ್ಳಬೇಕು.

ಕರಾವಳಿಯಲ್ಲಿ ಹೊತ್ತಿನ ಲೆಕ್ಕಕ್ಕೆ ಮಳೆಯೂ ಸೇರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಮಳೆಗೆ ಕರೆಂಟ್ ಹೋಗುವುದು, ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಸಾರುವುದು ಹೊಸತೇನಲ್ಲ. ಮಳೆಗಾಲದಲ್ಲಿ ಬರಹದ ಕೆಲಸವನ್ನು ಹಗಲಿಗೆ ಇಟ್ಟು, ಕತ್ತಲೆಯಲ್ಲೂ ಆಗುವ ಕೆಲಸವನ್ನು ಸಂಜೆಗೆ ಇಡುವುದು ಜಾಣತನ. ಮಗ್ಗಿ, ಪದ್ಯ, ಪಾಠವನ್ನು ಬಾಯಿಮಾತಿನಲ್ಲಿ ಹೇಳುವುದು, ಇವಕ್ಕೆ ದೀಪ ಬೇಡ. ದೂರದ ಹಳ್ಳಿಯಿಂದ ಬಸ್ಸಿನಲ್ಲಿ ಬರುವ ಮಕ್ಕಳಿಗೆ ಆ ಅರ್ಧ ಗಂಟೆ ಚೀಟಿಗಳ ಹೊತ್ತು.

ಪ್ರತ್ಯೇಕ ಕೋಣೆ ಇಲ್ಲದಿದ್ದರೂ ನಡೆಯುತ್ತದೆ. ದಿನವೂ ಅದೇ ಮೂಲೆ, ಅದೇ ಹೊತ್ತು ಇದ್ದರೆ ಕೂತೊಡನೆ ಮನಸ್ಸು ಕೆಲಸಕ್ಕೆ ಇಳಿಯುತ್ತದೆ. ಮೊಬೈಲನ್ನು ಮಗ್ಗುಲಲ್ಲಿ ಕವುಚಿ ಇಡುವುದು ಸಾಲದು; ಇನ್ನೊಂದು ಕೋಣೆಯಲ್ಲಿರಬೇಕು. ಪಾಠದ ವಿಡಿಯೋಗೆ ಅದು ಬೇಕಾದರೆ ವಿಡಿಯೋ ನೋಡಿ, ಆಫ್ ಮಾಡಿ, ಏನು ನೋಡಿದ್ದೆಂದು ಐದು ಸಾಲು ಬರೆಯಬೇಕು. ಬರೆಯದಿದ್ದರೆ ವಿಡಿಯೋ ನೋಡುವುದೂ ಪುಟ ತಿರುವಿದಂತೆಯೇ.

ನಿದ್ದೆ ಕಡಿದು ಓದುವುದು ನಷ್ಟದ ವ್ಯಾಪಾರ. ಹಗಲು ಕಲಿತದ್ದನ್ನು ಮಿದುಳು ಗಟ್ಟಿ ಮಾಡಿಕೊಳ್ಳುವುದು ನಿದ್ದೆಯಲ್ಲಿ. 6ರಿಂದ 12 ವರ್ಷದ ಮಕ್ಕಳಿಗೆ 9ರಿಂದ 12 ಗಂಟೆ, 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕೆಂದು ಅಮೆರಿಕದ ನಿದ್ರಾವೈದ್ಯರ ಸಂಸ್ಥೆ 2016ರಲ್ಲಿ ಹೇಳಿತು. ನಾಲ್ಕಕ್ಕೆ ಏಳಿಸುವ ಮನೆಯಲ್ಲಿ ರಾತ್ರಿ ಹನ್ನೊಂದರವರೆಗೆ ಟಿ.ವಿ. ಉರಿಯಬಾರದು ಎಂಬುದು ಇದರ ತಾತ್ಪರ್ಯ.

ಎಸ್ಸೆಸ್ಸೆಲ್ಸಿಯ ತಯಾರಿ

ಎಸ್ಸೆಸ್ಸೆಲ್ಸಿ ಒಟ್ಟು 625 ಅಂಕಗಳದ್ದು: ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100. ಇದರಲ್ಲಿ 125 ಅಂಕ ಆಂತರಿಕ ಮೌಲ್ಯಮಾಪನದ್ದು. ಅದು ವರ್ಷವಿಡೀ ನಡೆಯುವ ಕಿರುಪರೀಕ್ಷೆ, ಚಟುವಟಿಕೆಗಳಿಂದ ಬರುತ್ತದೆ. ಈ ಕಿರುಪರೀಕ್ಷೆಗಳನ್ನು ಕಿರಿಕಿರಿ ಎಂದುಕೊಳ್ಳದೆ ನೆನೆಯುವ ಅಭ್ಯಾಸದ ಅವಕಾಶ ಎಂದುಕೊಂಡರೆ ಎರಡು ಲಾಭ.

ಪರೀಕ್ಷಾ ಮಂಡಳಿಯ ಮಾದರಿ ಪ್ರಶ್ನೆಪತ್ರಿಕೆಗಳನ್ನು ಓದುವುದಕ್ಕಿಂತ ಗಡಿಯಾರ ಇಟ್ಟುಕೊಂಡು ಬರೆಯುವುದು ಮೇಲು. ಗಣಿತದಂಥ 80 ಅಂಕದ ಪತ್ರಿಕೆಗೆ ಪ್ರಶ್ನೆ ಓದಲು 15 ನಿಮಿಷ, ಬರೆಯಲು ಮೂರು ಗಂಟೆ ಸಿಗುತ್ತದೆ. ಅಂದರೆ ಒಂದು ಅಂಕಕ್ಕೆ ಎರಡು ನಿಮಿಷ ಮತ್ತು ಸ್ವಲ್ಪ. ಎರಡು ಅಂಕದ ಪ್ರಶ್ನೆಗೆ ಹತ್ತು ನಿಮಿಷ ಕೊಟ್ಟವನು ಐದು ಅಂಕದ್ದನ್ನು ಎಲ್ಲೋ ಬಿಡಲೇಬೇಕು. ಮೊದಲ 15 ನಿಮಿಷದಲ್ಲಿ ಖಂಡಿತ ಬರುವುದು, ಯೋಚಿಸಿದರೆ ಬರುವುದು, ಬಾರದ್ದು ಎಂದು ಮನಸ್ಸಿನಲ್ಲೇ ಮೂರು ಪಾಲು ಮಾಡಿಕೊಂಡು ಅದೇ ಕ್ರಮದಲ್ಲಿ ಬರೆಯಬಹುದು. ಬರೆದು ಮುಗಿಸಿದ ಮಾದರಿ ಪತ್ರಿಕೆಯನ್ನು ತಿದ್ದಿ, ತಪ್ಪಾದದ್ದನ್ನು ಚೀಟಿಗೆ ಇಳಿಸಿದಾಗಲೇ ಆ ಮೂರು ಗಂಟೆ ಸಾರ್ಥಕ.

ಕೊನೆಯ ವಾರ ಹೊಸ ಪಾಠಕ್ಕೆ ಕೈ ಹಾಕುವುದಕ್ಕಿಂತ ಕೆಂಪು ಪೆನ್ನಿನ ಗುರುತುಗಳನ್ನು, ತಪ್ಪಿನ ಪಟ್ಟಿಯನ್ನು, ಪೆಟ್ಟಿಗೆಯ ಮೊದಲ ಖಾನೆಯನ್ನು ತಿರುಗಿ ನೋಡುವುದು ಸಾಕು.

ಹಿರಿಯರ ಪಾಲು

ಪಾಲಕರಿಗೆ ಪಾಠ ಗೊತ್ತಿರಬೇಕಾಗಿಲ್ಲ. ‘ಓದಿದೆಯಾ?’ ಎಂದು ಕೇಳಿದರೆ ‘ಹೌದು’ ಎಂಬ ಉತ್ತರ ಬರುತ್ತದೆ, ಅಲ್ಲಿಗೆ ಮುಗಿಯಿತು. ‘ಏನು ಓದಿದೆ, ಪುಸ್ತಕ ಮುಚ್ಚಿ ಹೇಳು’ ಎಂದರೆ ಅದೇ ಅಭ್ಯಾಸ. ಶಾಲೆಯ ಮುಖ ನೋಡದ ಅಜ್ಜಿಯೂ ಚೀಟಿ ಹಿಡಿದ ಮೊಮ್ಮಗನ ಎದುರು ಕೂತು, ‘ಅದೆಂತದು, ನನಗೆ ತಿಳೀಲಿಲ್ಲ, ಇನ್ನೊಂದು ಸಲ ಹೇಳು ಮಗಾ’ ಎನ್ನಬಲ್ಲಳು. ಎರಡನೆಯ ಸಲ ಹೇಳುವಾಗ ಮೊಮ್ಮಗ ಮೊದಲಿಗಿಂತ ಸರಳ ಮಾತು ಹುಡುಕುತ್ತಾನೆ.

ಶಿಕ್ಷಕರ ಕೈಯಲ್ಲಿ ಇನ್ನೂ ಹೆಚ್ಚಿದೆ. ತರಗತಿಯ ಮೊದಲ ಐದು ನಿಮಿಷ ಹಿಂದಿನ ದಿನದ ಎರಡು ಪ್ರಶ್ನೆ, ಹಿಂದಿನ ವಾರದ ಒಂದು, ಹಿಂದಿನ ತಿಂಗಳ ಒಂದು ಕೇಳಿ, ಎಲ್ಲ ಮಕ್ಕಳಿಂದಲೂ ಬರೆಸಿ, ಅವರಿಂದಲೇ ತಿದ್ದಿಸಿದರೆ ನೆನೆಯುವುದು, ಹರಡುವುದು, ಬೆರೆಸುವುದು ಮೂರೂ ಒಟ್ಟಿಗೆ ನಡೆಯುತ್ತವೆ. ಅದಕ್ಕೆ ಅಂಕ ಕೊಡಬೇಕಾಗಿಲ್ಲ. ಅಂಕದ ಭಯವಿಲ್ಲದಾಗ ಮಕ್ಕಳು ತಪ್ಪಲು ಹೆದರುವುದಿಲ್ಲ. ಹಣವಾಗಲಿ ಉಪಕರಣವಾಗಲಿ ಬೇಡದ ಈ ಐದು ನಿಮಿಷವನ್ನು ಯಾವ ಶಾಲೆಯೂ ನಾಳೆಯಿಂದಲೇ ಶುರು ಮಾಡಬಹುದು.